ಏಳು ಮೀಟರಿನ ಫಟ್‌ಫಟಿ

ಹೋದ ವಾರ ವಡಾಲದ ನಮ್ಮ ಹಳೆಯ ಬಿಲ್ಡಿಂಗಿನಿಂದ ಫೋನ್ ಬಂತು. ಬಾಯ್ಲರ್ ಕಾಕಾ ಹೋಗಿಬಿಟ್ಟರಂತೆ. ಎಂಬತ್ತು ದಾಟಿತ್ತು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಚಹಾಕ್ಕೆ ಏಳಲಿಲ್ಲವಂತೆ. ಫೋನ್ ಇಟ್ಟ ಮೇಲೆ ನನಗೆ ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕೂ ಮೊದಲು, ಹತ್ತಿಯ ಮೂಟೆಗಳ ನಡುವಿನಿಂದ ಆಕಾಶಕ್ಕೆ ಎದ್ದು ನಿಂತ ಅವರ ಎರಡು ಕಾಲುಗಳು ಕಣ್ಣ ಮುಂದೆ ಬಂದು, ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಕೇಳಿ ನಗುವ ಗಂಡನನ್ನು ಕಂಡು ನನ್ನ ಹೆಂಡತಿ ಗಾಬರಿಯಾದಳು. ಅವಳನ್ನು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ವಡಾಲದ ಆ ಬಿಲ್ಡಿಂಗಿನ ಎರಡನೆಯ ಮಾಳಿಗೆಯ ಒಂದೇ ಖೋಲಿಯಲ್ಲಿ ನಾವು ನಾಲ್ಕು ಜನ ಬ್ರಹ್ಮಚಾರಿಗಳು. ಎದುರಿನ ಖೋಲಿ ಕಾಕಾನದು. ಗದಗಿನ ಕಡೆಯವರು, ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಬಾಯ್ಲರ್ ಅಟೆಂಡೆಂಟ್. ಅದಕ್ಕೇ ಇಡೀ ಬಿಲ್ಡಿಂಗಿಗೆ ಅವರು ಬಾಯ್ಲರ್ ಕಾಕಾ. ಅವರ ಹೆಂಡತಿ ಕಾಕು. ಮಕ್ಕಳಿಲ್ಲದ ಮನೆ. ಕಾಕಾ ನೂರು ಮಾತಾಡಿದರೆ ಕಾಕು ಒಂದು ಆಡುತ್ತಿದ್ದರು, ಅದೂ ರೊಟ್ಟಿ ತಟ್ಟುತ್ತಾ ತಟ್ಟುತ್ತಾ.

ಬಾಯ್ಲರ್ ನೋಡಿಕೊಳ್ಳುವುದೆಂದರೆ ಏನು ಕೆಲಸ ಎಂದು ನಾನು ಒಮ್ಮೆ ಕೇಳಿದ್ದೆ. "ಎಂಟು ತಾಸು ಮೀಟರ್ ಮುಂದ ಕುಂದ್ರೂದು, ತಮ್ಮಾ. ನೀರೆಷ್ಟು, ಉಗಿ ಎಷ್ಟು. ಕಣ್ಣು ಆ ಕಡೆ ಈ ಕಡೆ ಹೋತಂದ್ರ ಕೆಲಸಾ ಕೆಟ್ಟಂಗ," ಎಂದರು. ಅವರು ಹುಡುಗರಾಗಿದ್ದಾಗ ಯಾವುದೋ ಕಾರ್ಖಾನೆಯಲ್ಲಿ ಮೀಟರಿನ ಮುಳ್ಳು ಸಿಕ್ಕಿಹಾಕಿಕೊಂಡು, ಒತ್ತಡ ಏರಿದ್ದು ಗೊತ್ತಾಗದೆ, ಅವರಿಗೆ ಕೆಲಸ ಕಲಿಸುತ್ತಿದ್ದ ಮುಕಾದಮನ ಎರಡು ಕೈಗಳೂ ಸುಟ್ಟಿದ್ದವಂತೆ. ಅವತ್ತಿನಿಂದ ಕಾಕಾ ಯಾವ ಮೀಟರನ್ನೂ ಒಂಟಿಯಾಗಿ ನಂಬುತ್ತಿರಲಿಲ್ಲ. "ಒಂದು ಮೀಟರ್ ಸುಳ್ಳು ಹೇಳಬಹುದು. ಎರಡು ಕೂಡಿ ಸುಳ್ಳು ಹೇಳೂದು ಕಡಿಮಿ," ಎನ್ನುತ್ತಿದ್ದರು. ಮನೆಯಲ್ಲಿ ಎರಡು ಗಡಿಯಾರ. ಎರಡರಲ್ಲೂ ಬೇರೆ ಬೇರೆ ಸಮಯ ಇರುತ್ತಿದ್ದುದರಿಂದ ಮೂರನೆಯದಕ್ಕೆ ನಮ್ಮ ಖೋಲಿಗೆ ಬರುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಗಾಜು ಹಾಕಿದ ಮುಖವಿರುವ ಯಾವ ವಸ್ತು ಕಂಡರೂ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಸಿಕ್ಕಿಕೊಂಡ ಮುಳ್ಳು ಆಗ ಬಿಡಿಸಿಕೊಳ್ಳುತ್ತದೆಂದು ಲೆಕ್ಕ. ಸ್ಟೇಷನ್ನಿನ ತೂಕದ ಯಂತ್ರವನ್ನು ತಟ್ಟುತ್ತಿದ್ದರು. ನನ್ನ ಕೈಗಡಿಯಾರವನ್ನು ತಟ್ಟುತ್ತಿದ್ದರು. ಒಮ್ಮೆ ಲೋಕಲ್‌ನಲ್ಲಿ ನಿಂತಿದ್ದಾಗ ಪಕ್ಕದವನ ಗಡಿಯಾರವನ್ನು ಅವನ ಕೈಯಲ್ಲಿದ್ದಂತೆಯೇ ತಟ್ಟಿ ಸಮಯ ನೋಡಿದರು. ಆ ಮನುಷ್ಯ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೇರೆ ಡಬ್ಬಿಗೆ ಹತ್ತಿದ.

ಇಂಥವರು ಒಂದು ದಿನ ಮೋಟಾರ್‌ಸೈಕಲ್ ತಂದರು. ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಭಾರಿ ಗಾಡಿ, ಅಗಲ ಹ್ಯಾಂಡಲ್ಲು, ಕುದುರೆಯಷ್ಟೇ ಎತ್ತರ. ಹಸಿರು ಬಣ್ಣದ ಮೇಲೆ ಕಾಕಾ ತಾವೇ ಕರಿ ಬಣ್ಣ ಬಳಿದರು. ಬಿಲ್ಡಿಂಗಿನ ಮರಾಠಿಯವರು ಅದಕ್ಕೆ ಫಟ್‌ಫಟಿ ಎಂದರು, ನಾವೂ ಅದನ್ನೇ ಅಂದೆವು. ಅದು ಸ್ಟಾರ್ಟ್ ಆದರೆ ಗಚ್ಚಿಯ ಮೇಲೆ ಒಣಹಾಕಿದ ಹಪ್ಪಳ ನಡುಗುತ್ತಿದ್ದವು.

ಮೊದಲ ವಾರ ಕಾಕು ಒಂದೇ ಒಂದು ಸಲ ಹಿಂದೆ ಕುಳಿತರು. ವಡಾಲ ಸ್ಟೇಷನ್ ತನಕ ಹೋಗಿದ್ದು. ಅಲ್ಲಿ ಇಳಿದು ಸೆರಗು ಸರಿಮಾಡಿಕೊಂಡು, "ಇನ್ನ ನಾ ಕುಂದ್ರಂಗಿಲ್ರಿ," ಎಂದು ಹೇಳಿ, ನಡೆದೇ ಮನೆಗೆ ಬಂದರು. ಗಾಡಿ ಅವರ ಹಿಂದೆ ನಿಧಾನವಾಗಿ ಫಟ್ ಫಟ್ ಎನ್ನುತ್ತಾ ಬಂತು. ಬಾಲ್ಕನಿಯಲ್ಲಿದ್ದ ನಾವೆಲ್ಲ ನೋಡಿದೆವು.

ಅಂದು ಸಂಜೆ ಮೆಟ್ಟಿಲ ಮೇಲೆ ಕೂತು ಕಾಕಾ ನನ್ನ ಬಳಿ ಹೇಳಿಕೊಂಡರು. "ಆಕಿಗೆ ಗಾಡಿ ಅಂಜಿಕಿ ಹತ್ತೇತಿ, ತಮ್ಮಾ. ಒಳಗ ಏನ್ ನಡದೈತಿ ಅಂತ ಕಾಣಂಗಿಲ್ಲಲ್ಲ, ಅದಕ್ಕ. ಎಲ್ಲಾ ಕಣ್ಣಿಗೆ ಕಾಣೂಹಂಗ ಮಾಡಿದ್ರ ಅಂಜಿಕಿ ತಾನ ಹೋಗ್ತೈತಿ. ಹೋಗಬೇಕು. ಆಕಿನ್ನ ಹಿಂದ ಕುಂದ್ರಿಸಿಕೊಂಡು ಹೋಗಲಿಕ್ಕಂತನ ತಂದೇನಿ ಇದನ್ನ. ಇಲ್ಲಾಂದ್ರ ನನಗ್ಯಾಕ ಬೇಕಾಗಿತ್ತು, ಮಿಲ್ಲಿಗೆ ಲೋಕಲ್ ಇಲ್ಲೇನು?"

ಹೇಳುವಾಗ ಅವರ ದನಿ ಸ್ವಲ್ಪ ಸಣ್ಣದಾಗಿತ್ತು. ನನಗೆ ಪಾಪ ಅನ್ನಿಸಿತು. ಮದುವೆಯಾಗದ ಹುಡುಗನಿಗೆ ದಾಂಪತ್ಯದ ಬಗ್ಗೆ ಏನು ಗೊತ್ತಿರುತ್ತದೆ? ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಮುಂದಿನ ನಾಲ್ಕು ವರ್ಷ ನನ್ನ ಭಾನುವಾರಗಳು ಹೋದವು.

ಗಾಡಿಗೆ ವೇಗ ತೋರಿಸುವ ಒಂದು ಮೀಟರು ಹುಟ್ಟಿದಾಗಿನಿಂದಲೇ ಇತ್ತು. ಕಾಕಾ ಮೊದಲು ಬ್ಯಾಟರಿಯ ಕರೆಂಟು ತೋರಿಸುವ ಮೀಟರ್ ಹಾಕಿದರು. ಆಮೇಲೆ ಇಂಜಿನ್ ಆಯಿಲಿನ ಒತ್ತಡದ್ದು. ಇವೆರಡೂ ನ್ಯಾಯವಾದವು, ಬಲ್ಲವರು ಕೂಡ ಹಾಕಿಸುತ್ತಿದ್ದರು. ಎಲ್ಲವೂ ಕುರ್ಲಾದ ಭಂಗಾರ ಬಜಾರಿನ, ಅಂದರೆ ಗುಜರಿ ಪೇಟೆಯ, ಮಾಲು. ಮೀಟರುಗಳ ಮೇಲಿನ ಇಂಗ್ಲಿಷ್ ಓದಿ ಹೇಳಲು ನಾನು. ನಾನು ಓದುತ್ತೇನೆ, ಅವರು ತಟ್ಟುತ್ತಾರೆ, ಮುಳ್ಳು ಅಲ್ಲಾಡಿದರೆ ಮಾಲು ಪಾಸು.

ನಾಲ್ಕನೆಯದರಿಂದ ದಾರಿ ತಪ್ಪಿತು. ಲಾರಿಯ ರೇಡಿಯೇಟರಿನ ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರೊಂದನ್ನು ಕಾಕಾ ಎತ್ತಿಕೊಂಡರು.

"ಕಾಕಾ, ನಮ್ಮ ಗಾಡಿಗೆ ನೀರೇ ಇಲ್ಲ ಮಾರಾಯ್ರೆ. ಗಾಳಿಗೆ ತಣ್ಣಗಾಗುವ ಇಂಜಿನ್ ಅದು," ಎಂದೆ ನಾನು.

"ಬಿಸಿ ಅಂತೂ ಇರ್ತೈತಲ್ಲ?" ಎಂದು ಅವರು ಅದರ ವಯರನ್ನು ಆಯಿಲ್ ಟ್ಯಾಂಕಿನೊಳಗೆ ಇಳಿಬಿಟ್ಟರು. ಅದು ಏನೋ ಒಂದನ್ನು ತೋರಿಸುತ್ತಿತ್ತು. ಏನನ್ನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಒಡೆದ ವಿಮಾನವೊಂದರ ಎತ್ತರದ ಮೀಟರು. ಅಂಗಡಿಯವನು ಅದನ್ನು ಅಂಗಿಯ ತುದಿಯಿಂದ ಒರೆಸಿ, "ಹವಾಯಿ ಜಹಾಜ್ ಕಾ ಹೈ ಕಾಕಾ, ಏಕ್‌ದಮ್ ಅಸಲಿ," ಎಂದ.

"ಇದು ನೆಲದಿಂದ ಎಷ್ಟು ಅಡಿ ಮೇಲೆ ಇದ್ದೇವೆ ಅಂತ ಹೇಳುವುದು. ನಾವು ಹಾರುವುದಿಲ್ಲವಲ್ಲ ಕಾಕಾ?" ಎಂದೆ.

ಕಾಕಾ ಅದರ ಗಾಜನ್ನು ಎರಡು ಸಲ ತಟ್ಟಿದರು. "ಹಾರಂಗಿಲ್ಲ ಅನ್ನೂದನ್ನರ ತೋರಸ್ತೈತಲ್ಲ. ಆಕಿಗೆ ಧೈರ್ಯ ಬರ್ತೈತಿ."

ಮಳೆಗಾಲದಲ್ಲಿ ಗಾಳಿಯ ಒತ್ತಡ ಇಳಿದಾಗ ಆ ಮೀಟರಿನ ಪ್ರಕಾರ ಗಾಡಿ ನಮ್ಮ ಬಿಲ್ಡಿಂಗಿನ ಗೇಟಿನೊಳಗೆ ನಿಂತಲ್ಲೇ ಇನ್ನೂರು ಅಡಿ ಮೇಲೇರಿರುತ್ತಿತ್ತು. ಅದು ಯಾಕೆಂದು ಕಾಕಾ ನಮಗೆಲ್ಲ ಅರ್ಧ ಗಂಟೆ ವಿವರಿಸಿದರು. ಅಂದು ಟೈಪಿಸ್ಟನೊಬ್ಬನಿಗೆ ವಾಯುಭಾರ ಅರ್ಥವಾಯಿತು. ಕಾರಿನ ಗಡಿಯಾರವೊಂದು ಬಂದಾಗ ಆರಾಯಿತು. ಹ್ಯಾಂಡಲ್ಲಿನ ಮೇಲೆ ಒಂದು ದಪ್ಪ ತಗಡು ಬಿಗಿದು, ಅದರಲ್ಲಿ ಗುಂಡಗೆ ತೂತು ಕೊರೆದು, ಎಲ್ಲವನ್ನೂ ಸಾಲಾಗಿ ಕೂರಿಸಿದ್ದರು.

ಪ್ರತಿ ಹೊಸ ಮೀಟರಿಗೂ ಒಂದು ಸಮಾರಂಭ. ಕಾಕುವನ್ನು ಕೆಳಗೆ ಕರೆಯುವುದು. ಅವರು ಕೈ ಒರೆಸಿಕೊಳ್ಳುತ್ತಾ ಇಳಿದು ಬರುವುದು. ಕಾಕಾ ಮೀಟರನ್ನು ತಟ್ಟಿ ತೋರಿಸುವುದು. ಕಾಕು ಪೂರ್ತಿ ಕೇಳಿ, "ಚಲೋ ಐತ್ರಿ," ಎನ್ನುವುದು.

"ಮತ್ತ, ಈಗ ಕುಂದ್ರತೀ ಏನ?"

"ಇಲ್ರಿ."

ಅವರು ಮೇಲೆ ಹೋಗುತ್ತಿದ್ದರು. ಕಾಕಾ ಮುಂದಿನ ಮೀಟರಿನ ಯೋಚನೆ ಮಾಡುತ್ತಿದ್ದರು.

ಮೀಟರುಗಳ ನಡುವೆ ಕಾಕಾ ಸುಮ್ಮನೆ ಕೂರಲಿಲ್ಲ. ಕಾಲಿಗೆ ಪೆಟ್ಟಾಗದ ಹಾಗೆ ಮುಂದೆ ಕಬ್ಬಿಣದ ಗಾರ್ಡು, ಸೀರೆ ಚಕ್ರಕ್ಕೆ ಸಿಕ್ಕದ ಹಾಗೆ ಪಕ್ಕದಲ್ಲಿ ಜಾಳಿಗೆ, ಒಂದೇ ಕಡೆ ಕಾಲಿಳಿಬಿಟ್ಟು ಕೂರುವವರಿಗೆ ಅಗಲವಾದ ಪಾದದ ಹಲಗೆ. ಹಿಂದಿನ ಸೀಟಂತೂ ಧಾರಾವಿಯ ಒಬ್ಬ ಚರ್ಮದ ಕಾರಿಗರನ ಹತ್ತಿರ ಮಾಡಿಸಿದ್ದು. ಅವನು ಅಳತೆ ಕೇಳಿದ. ಹೆಂಡತಿ ಕೂರುವ ಅಳತೆಯನ್ನು ಹೆಂಡತಿಯನ್ನೇ ಕೇಳಲು ಕಾಕಾನಿಗೆ ನಾಚಿಕೆ. ಕಾಕು ಅಡುಗೆ ಮಾಡುವಾಗ ಕೂರುವ ಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಧಾರಾವಿಗೆ ಹೋದರು. ಇಡೀ ದಿನ ಕಾಕು ಮಣೆ ಹುಡುಕಿದರು. ನಮ್ಮ ಖೋಲಿಗೂ ಬಂದು, "ತಮ್ಮಾ, ನನ್ನ ಮಣಿ ಇತ್ತಾಗೇನರ ಬಂದೈತೇನು?" ಎಂದು ಕೇಳಿದರು. ಗೊತ್ತಿದ್ದೂ ಇಲ್ಲವೆಂದೆ. ಸೀಟು ಮಣೆಯ ಅಳತೆಗೆ ಸರಿಯಾಗಿ, ಮಣೆಗಿಂತ ಮೆತ್ತಗೆ ತಯಾರಾಗಿ ಬಂತು. ಅದರ ಮೇಲೆ ಕೂರುತ್ತಿದ್ದವನು ನಾನು.

ಯಾಕೆಂದರೆ ಪ್ರತಿ ಭಾನುವಾರ ಕಾಕು ಕುರ್ಲಾದ ಚಾಳಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೋಗುತ್ತಿದ್ದರು. ಕಾಕಾನಿಗೂ ಕುರ್ಲಾದ ಬಜಾರು. ಒಟ್ಟಿಗೇ ಊಟ ಮುಗಿಸಿ ಎದ್ದು ಒಂದೇ ಊರಿಗೆ ಹೊರಟ ಗಂಡ ಹೆಂಡತಿ. ಹೆಂಡತಿ ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನ ಕೊನೆಯ ಸೀಟಿನಲ್ಲಿ, ಗಂಡ ಬಸ್ಸಿನ ಬೆನ್ನಿಗೇ ಫಟ್‌ಫಟಿಯಲ್ಲಿ. ಬಸ್ಸು ನಿಂತಲ್ಲೆಲ್ಲ ಫಟ್‌ಫಟಿಯೂ ನಿಲ್ಲುತ್ತಿತ್ತು. ಮುಂದೆ ಹೋಗಲು ಎಷ್ಟು ಜಾಗವಿದ್ದರೂ ಕಾಕಾ ಬಸ್ಸನ್ನು ದಾಟುತ್ತಿರಲಿಲ್ಲ. ಕಂಡಕ್ಟರುಗಳಿಗೆಲ್ಲ ಅವರ ಗುರುತಾಗಿತ್ತು. ನಾನು ಹಿಂದಿನ ಸೀಟಿನಲ್ಲಿ ಅವರ ಬೆನ್ನಿಗಂಟಿಕೊಂಡು, ಭಯಕ್ಕೆ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಹಾಗಾಗಿ ಮುಂದೆ ನಡೆದದ್ದಕ್ಕೆ ನನ್ನನ್ನು ಸಾಕ್ಷಿ ಎಂದು ಕರೆದರೆ ಪ್ರಯೋಜನವಿಲ್ಲ.

ಏಳನೆಯ ಮೀಟರು ಹಡಗಿನದು. ಬಂದರಿನ ಹತ್ತಿರ ಹಳೆ ಹಡಗುಗಳನ್ನು ಒಡೆಯುವಲ್ಲಿಂದ ಬಂದ ಹಿತ್ತಾಳೆಯ ಮಾಲು. ಹಡಗು ಎಡಕ್ಕೆ ಎಷ್ಟು ವಾಲಿದೆ, ಬಲಕ್ಕೆ ಎಷ್ಟು ವಾಲಿದೆ ಎಂದು ತೋರಿಸುತ್ತದೆ. ನಾನು ಓದಿ ಹೇಳುತ್ತಲೇ ಕಾಕಾನ ಕಣ್ಣು ಅರಳಿತು. "ಇದಪ್ಪಾ! ಗಾಡಿ ಹೊರಳತೈತಿ ಅಂತನ ಹೆಂಗಸರಿಗೆ ಅಂಜಿಕಿ. ಎಷ್ಟು ಹೊರಳತೈತಿ ಅಂತ ಗೊತ್ತಾದ್ರ ಅಂಜೂದೇನೈತಿ?" ಅವರು ಅದನ್ನು ತಗಡಿನ ನಟ್ಟನಡುವೆ ಕೂರಿಸಿ, ಮುಂದಿನ ಭಾನುವಾರ ಕಾಕುವಿಗೆ ತೋರಿಸಿದರು. ಅವತ್ತು ಕಾಕು, "ಚಲೋ ಐತ್ರಿ," ಎಂದು ಕೂಡ ಅನ್ನಲಿಲ್ಲ. ಸುಮ್ಮನೆ ಬಸ್ ಸ್ಟಾಪಿನ ಕಡೆ ನಡೆದರು.

ಸಾಯನ್ ಹತ್ತಿರ ರಸ್ತೆ ತಿರುಗುತ್ತದೆ. ಬಸ್ಸು ತಿರುಗಿತು, ಹಿಂದೆ ನಾವೂ ತಿರುಗಿದೆವು. ತಿರುವಿನಲ್ಲಿ ಗಾಡಿ ವಾಲಿತು. ವಾಲಿದ್ದು ಎಷ್ಟೆಂದು ಕಾಕಾ ಹೊಸ ಮೀಟರಿನಲ್ಲಿ ನೋಡಿದರಂತೆ. ತಟ್ಟಿಯೂ ನೋಡಿದರೆಂದು ನನ್ನ ಗುಮಾನಿ, ಯಾಕೆಂದರೆ ನಾನು ಅಂಟಿಕೊಂಡಿದ್ದ ಬೆನ್ನಿನ ಒಂದು ಭುಜ ಮುಂದಕ್ಕೆ ಸರಿದದ್ದು ಗೊತ್ತಾಗಿತ್ತು. ರಸ್ತೆಯ ಪಕ್ಕದಲ್ಲಿ ಹಾಸಿಗೆ ಮಾಡುವವನ ಹಾತ್‌ಗಾಡಿಯೊಂದು ಹತ್ತಿಯ ಮೂಟೆಗಳನ್ನು ಹೇರಿಕೊಂಡು ನಿಂತಿತ್ತು. ಅದರ ಯಜಮಾನ ಚಹಾ ಕುಡಿಯಲು ಹೋಗಿದ್ದ. ನಾವು ನೇರವಾಗಿ ಅದರೊಳಗೆ ಹೋದೆವು.

ಯಾರಿಗೂ ಏನೂ ಆಗಲಿಲ್ಲ, ಹತ್ತಿಯಲ್ಲವೇ. ನಾನು ಬದಿಗೆ ಉರುಳಿ ಎದ್ದು ನೋಡಿದರೆ ಕಾಕಾ ಕಾಣಲಿಲ್ಲ, ಅವರ ಕಾಲುಗಳು ಮಾತ್ರ ಕಂಡವು. ನಾಲ್ಕು ಜನ ಸೇರಿ ಎಳೆದಾಗ ಮೀಸೆ, ಹುಬ್ಬೆಲ್ಲ ಬಿಳಿಯಾಗಿ ಹೊರಬಂದರು. ಬಂದವರು ಮೊದಲು ನೋಡಿದ್ದು ಅಡ್ಡಬಿದ್ದ ಗಾಡಿಯ ಕಡೆ. ಹಡಗಿನ ಮೀಟರಿನ ಮುಳ್ಳು ಕೊನೆಯ ಅಂಕಿಗೆ ಹೋಗಿ ತಗುಲಿಕೊಂಡಿತ್ತು.

"ನೋಡ್ ತಮ್ಮಾ, ಬರೋಬ್ಬರಿ ತೋರಸಾಕತ್ತೇತಿ!" ಎಂದರು.

ಹತ್ತಿಯವನು ಓಡಿಬಂದು ಹಿಂದಿಯಲ್ಲಿ ಬಯ್ಯತೊಡಗಿದ. ಜನ ಸೇರಿತು. ಅಷ್ಟರಲ್ಲಿ ಕಾಕು ಬಂದರು. ಮುಂದಿನ ಸ್ಟಾಪಿನಲ್ಲಿ ಬಸ್ಸಿಳಿದು, ಅಕ್ಕನಿಗೆಂದು ಕಟ್ಟಿದ್ದ ರೊಟ್ಟಿಯ ಗಂಟನ್ನು ಎದೆಗೊತ್ತಿಕೊಂಡು ಓಡಿ ಬಂದಿದ್ದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಗಂಡನನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿದರು. ಹತ್ತಿಯವನ ಕಡೆ ಕೈ ಎತ್ತಿದರು, ಅವನು ತೆಪ್ಪಗಾದ. ಆಮೇಲೆ ಮಾತಾಡಿದರು. ನೂರಕ್ಕೆ ಒಂದು ಮಾತಾಡುತ್ತಿದ್ದವರು ಬಾಕಿಯನ್ನೆಲ್ಲ ಅವತ್ತು ಒಟ್ಟಿಗೇ ಆಡಿದರು.

"ಬಾಯ್ಲರ್ ನಿಂತಲ್ಲೇ ನಿಂತಿರ್ತೈತ್ರಿ. ಅದರ ಮುಂದ ಕುಂತು ಮೀಟರ್ ನೋಡಿದ್ರ ನಡೀತೈತಿ. ಇದು ಓಡೂ ವಸ್ತು. ಮುಂದ ಹಾದಿ ಐತಿ, ಮಂದಿ ಅದಾರ, ಅದನ್ನ ನೋಡಾವ್ರು ಯಾರು? ಮದಲನೇ ದಿನಾನೂ ಇದ್ದ ಒಂದ ಮೀಟರನ್ನ ನೋಡಕೋಂತ ಹೊಂಟಿದ್ರಿ. ನಾಕ ವರ್ಷ ಆತು, ಐತವಾರಕ್ಕೊಮ್ಮೆ ಬಸ್ಸಿನ ಮ್ಯಾಲೆ ಕುಂತು ಹಿಂದ ನೋಡಕೋಂತ ಬಂದೇನಿ. ಒಂದ ಸಲ ನಿಮ್ಮ ಮಾರಿ ಕಂಡಿಲ್ಲ. ಬರೇ ನೆತ್ತಿ! ನೆತ್ತಿ ಮ್ಯಾಲಿನ ಕೂದಲಾ ಉದರಾಕತ್ತಿದ್ದು ನನಗ ಮನ್ಯಾಗ ಗೊತ್ತಾಗಲಿಲ್ರಿ, ಬಸ್ಸಿನ್ಯಾಗ ಗೊತ್ತಾತು."

ಕಾಕಾ ತಮಗರಿವಿಲ್ಲದೆ ನೆತ್ತಿ ಮುಟ್ಟಿಕೊಂಡರು. ಅಲ್ಲಿ ಹತ್ತಿ ಇತ್ತು.

"ಮತ್ತ ಮದಲ ಹೇಳಬಾರದೇನ?" ಎಂದರು ಮೆಲ್ಲಗೆ.

"ನೀವು ಏನ್ ಕೇಳಿದ್ರಿ? ಕುಂದ್ರತೀ ಏನ, ಕುಂದ್ರತೀ ಏನ ಅಂದ್ರಿ. ಯಾಕ ಒಲ್ಲಿ ಅಂತ ಒಂದಿನ ಕೇಳೀರೇನು?"

ಕಾಕು ಅಳುತ್ತಿದ್ದರು. ಅದನ್ನು ನೋಡಲಾಗದೆ ನಾನು ಚೆಲ್ಲಿದ ಹತ್ತಿಯನ್ನು ಮೂಟೆಗೆ ತುಂಬತೊಡಗಿದೆ. ನಾಲ್ಕು ವರ್ಷ ಅವರ ಗಂಡನಿಗೆ ಆ ಮೀಟರುಗಳನ್ನು ಓದಿ ಹೇಳಿದವನಲ್ಲವೇ, ನನಗೂ ನಾಚಿಕೆಯಾಗಿತ್ತು.

ಆ ವಾರ ಪೂರ್ತಿ ಕಾಕಾ ಮಿಲ್ಲಿನಿಂದ ಬಂದು ಸಂಜೆ ಗಾಡಿಯ ಪಕ್ಕ ಸ್ಪ್ಯಾನರ್ ಹಿಡಿದು ಕೂರುತ್ತಿದ್ದರು. ಯಾರೂ ಬಿಚ್ಚಿ ಎಂದಿರಲಿಲ್ಲ. ದಿನಕ್ಕೊಂದರಂತೆ ಬಿಚ್ಚಿ ಗೋಣಿಚೀಲದಲ್ಲಿ ಇಟ್ಟರು. ವಿಮಾನದ್ದು ಹೋಯಿತು, ಹಡಗಿನದು ಹೋಯಿತು, ಲಾರಿಯದು ಹೋಯಿತು. ಆಯಿಲ್ ಒತ್ತಡದ್ದರ ಮುಂದೆ ಬಹಳ ಹೊತ್ತು ಕೂತಿದ್ದು, ಅದನ್ನೂ ಬಿಚ್ಚಿದರು. ತಗಡಿನಲ್ಲಿ ಗುಂಡನೆಯ ತೂತುಗಳು ಉಳಿದವು. ಅವರು ಆ ಮೀಟರುಗಳನ್ನು ಹೇಗೆ ಆರಿಸಿ ತಂದರೆಂದು ನನಗೆ ಗೊತ್ತಿತ್ತು.

ಶನಿವಾರ ಸಂಜೆ ಕಾಕು ಕರೆಯದೆಯೇ ಕೆಳಗಿಳಿದು ಬಂದರು. ಖಾಲಿ ತಗಡನ್ನು ನೋಡಿದರು. "ಇನ್ನೊಂದು ಹಚ್ಚಬೇಕ್ರಿ," ಎಂದರು.

ಕಾಕಾ ಬೆಚ್ಚಿ ತಲೆಯೆತ್ತಿದರು. "ಯಾವುದು?"

"ನಾಳೆ ಕುರ್ಲಾಕ್ಕ ಬರ್ತೇನಲ್ಲ. ನಾನ ಆರಿಸ್ತೇನಿ."

ಮರುದಿನ ಕಾಕು ಬಸ್ಸಿನಲ್ಲಿ, ನಾವಿಬ್ಬರು ಎಂದಿನಂತೆ ಅದರ ಬೆನ್ನಿಗೆ. ಅವರು ಅಕ್ಕನ ಮನೆಗೆ ಹೋಗದೆ ನೇರವಾಗಿ ಬಜಾರಿಗೆ ಬಂದರು. ಗ್ರೀಸಿನ ಆ ಗಲ್ಲಿಯಲ್ಲಿ ಇಳಕಲ್ ಸೀರೆಯುಟ್ಟ ಗಿರಾಕಿಯನ್ನು ಅಂಗಡಿಯವನು ಎಂದೂ ಕಂಡಿರಲಿಲ್ಲ. ಎದ್ದು ನಿಂತ. ಕಾಕು ಮೀಟರುಗಳ ರಾಶಿಯತ್ತ ಕಣ್ಣೂ ಹಾಯಿಸಲಿಲ್ಲ. ಮೇಲೆ ಸರಿಗೆಯಲ್ಲಿ ನೇತುಹಾಕಿದ್ದ ಕನ್ನಡಿಗಳನ್ನು ಇಳಿಸಲು ಹೇಳಿದರು. ಒಂದರಲ್ಲಿ ಮುಖ ಉದ್ದವಾಗಿ ಕಂಡಿತು, ಬೇಡ. ಇನ್ನೊಂದರಲ್ಲಿ ಅಗಲ, ಬೇಡ. ಮೂರನೆಯದರ ಅಂಚಿನಲ್ಲಿ ಕಲೆಯಿತ್ತು. ನಾಲ್ಕನೆಯದನ್ನು ಗಂಡನ ಮುಖಕ್ಕೆ ಹಿಡಿದು ನೋಡಿ, ಅದನ್ನು ಹ್ಯಾಂಡಲ್ಲಿಗೆ ಬಿಗಿಯಲು ಹೇಳಿದರು.

ಅಂಗಡಿಯವನು ಬಿಗಿದು, ಹಿಂದಿನ ರಸ್ತೆ ಕಾಣುವಂತೆ ಹೊರಳಿಸಿದ. ಕಾಕು, "ಅಲ್ಲ," ಎಂದರು. "ನೀವು ಮ್ಯಾಲೆ ಕುಂದ್ರರಿ," ಎಂದು ಕಾಕಾನಿಗೆ ಹೇಳಿ, ತಾವು ಸೆರಗು ಸಿಕ್ಕಿಸಿಕೊಂಡು, ಹಲಗೆಯ ಮೇಲೆ ಪಾದವಿಟ್ಟು, ಧಾರಾವಿಯ ಆ ಸೀಟಿನ ಮೇಲೆ ಕೂತೇಬಿಟ್ಟರು. ಕಾಕಾ ಉಸಿರು ಬಿಗಿಹಿಡಿದು ಕೂತಿದ್ದರು. ಅಲ್ಲಾಡಿದರೆ ಎಲ್ಲಿ ಇಳಿದುಬಿಡುತ್ತಾರೋ ಎಂಬ ಹೆದರಿಕೆ ಅವರಿಗೆ.

"ಇನ್ನಷ್ಟ ಒಳಗ ಹೊರಳಿಸ್ರಿ. ಇನ್ನಷ್ಟ. ಹಾಂ, ಸಾಕು," ಎಂದು ಕಾಕು ಅಂಗಡಿಯವನಿಗೆ ಕೈಸನ್ನೆ ಮಾಡಿ ತೋರಿಸಿದರು.

"ಪೀಛೇ ಕಾ ಗಾಡಿ ನಹೀ ದಿಖೇಗಾ, ಬಾಯಿ," ಎಂದ ಅಂಗಡಿಯವನು.

ಕಾಕಾನೂ ಧೈರ್ಯ ಮಾಡಿ, "ಹೌದ ನೋಡ. ಇದರಾಗ ಹಿಂದಿನ ಗಾಡಿ ಕಾಣಂಗಿಲ್ಲ, ನನ್ನ ಮಾರಿ ಅಷ್ಟ ಕಾಣ್ತೈತಿ ನಿನಗ," ಎಂದರು.

"ಅದ ಬೇಕಾಗೇತಿ. ಹಿಂದ ಯಾರು ಬರ್ತಾರಂತ ನಾ ತಿರುಗಿ ನೋಡಿ ಹೇಳ್ತೇನಿ. ನೀವು ಹಾದಿ ನೋಡ್ರಿ. ನಿಮ್ಮ ಕಣ್ಣು ಎತ್ತಾಗ ಅದಾವ ಅಂತ ಇದರಾಗ ನನಗ ಕಾಣ್ತೈತಿ." ಕಾಕಾ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದರು. "ನನ್ನಲ್ರಿ, ಮುಂದ ನೋಡ್ರಿ!" ಎಂದು ಕಾಕು ಕೂಗಿದ್ದು ಇಡೀ ಗಲ್ಲಿಗೆ ಕೇಳಿತು. "ಹೂಂ, ಹೊಂಡ್ರಿ ಇನ್ನ."

ಫಟ್‌ಫಟಿ ಹೊರಟಿತು. ಫೋಟೋ ತೆಗೆಸಿಕೊಳ್ಳುವವರಂತೆ ಗದ್ದ ಎತ್ತಿಕೊಂಡು ಕೂತಿದ್ದ ಕಾಕಾ ಒಮ್ಮೆಯೂ ಕೆಳಗೆ ನೋಡಲಿಲ್ಲ. ನನ್ನನ್ನು ಇಬ್ಬರೂ ಮರೆತಿದ್ದರು. ನಾನು ಬಸ್ಸು ಹಿಡಿದು ವಡಾಲಕ್ಕೆ ಬಂದೆ. ಅವರು ಬಂದದ್ದು ಒಂದು ಗಂಟೆ ತಡವಾಗಿ. ಕಾಕಾ ಗಾಡಿ ಒರೆಸುತ್ತಾ ಕೆಳಗೇ ಉಳಿದರು. ಕೆದರಿದ ಕೂದಲು ಸರಿಮಾಡಿಕೊಳ್ಳುತ್ತಾ ಕಾಕು ಮೆಟ್ಟಿಲು ಹತ್ತಿ ಬಂದರು.

"ಯಾವ ದಾರಿಯಿಂದ ಬಂದ್ರಿ ಕಾಕು, ಇಷ್ಟು ಹೊತ್ತಾಯ್ತಲ್ಲ? ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಯಾವ ಹಾದೀನೋ ನನಗೇನ ಗೊತ್ತು, ತಮ್ಮಾ. ನಾ ಎಲ್ಲಿ ಹಾದಿ ನೋಡಿದೆ?" ಎಂದರು. ಬಾಗಿಲ ಬೀಗ ತೆಗೆಯುತ್ತಾ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಲಗ್ನಾಗಿ ಹದಿನೆಂಟ ವರ್ಷ ಆತು. ಮಿಲ್ಲಿನ್ಯಾಗ ಇದ್ರ ಬಾಯ್ಲರ್ ನೋಡ್ತಿದ್ರು, ಮನ್ಯಾಗ ಇದ್ರ ಗಡಿಯಾರ ನೋಡ್ತಿದ್ರು. ಇಷ್ಟೊತ್ತನಕ ಅವರ ಕಣ್ಣು ನಾ ನೋಡಿದ್ದು ಇವತ್ತ ಮದಲ. ಭಾಳ ಚಂದ ಅದಾವ ತಮ್ಮಾ."

ಒಳಗೆ ಹೋಗಿ ಚಹಾಕ್ಕೆ ಇಟ್ಟರು.